ಬಚ್ಚಲು ನೀರೂ ನಮ್ಮ ಹೊಣೆಯೇ

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದಿದೆ. ಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆಯಾಗಿರುವ ಜನರು ಒಂದೇ ಕಾಲಕ್ಕೆ ಒಂದೇ ರೋಗಕ್ಕೆ ತುತ್ತಾಗುವುದೇಕೆ? ವಾಯು, ಜಲ, ದೇಶ, ಕಾಲ ಎಂಬ ನಾಲ್ಕರ ವಿಕೃತಿಯೇ ಇದಕ್ಕೆ ಕಾರಣವೆಂದು ಆಚಾರ್ಯರು ಹೇಳುತ್ತಾರೆ. ಇವು ಊರಿಗೆಲ್ಲ ಸಮಾನವಾದುದರಿಂದ ಇವು ಕೆಟ್ಟಾಗ ಒಬ್ಬೊಬ್ಬರಿಗೆ ಕೊಡುವ ಕಷಾಯದಿಂದ ಊರು ಗುಣವಾಗದು. ಇಂದು ನಮ್ಮ ಹಳ್ಳಿಗಳಲ್ಲಿ ಬಚ್ಚಲು ನೀರನ್ನು ಬೀದಿಗೆ ಬಿಟ್ಟು ಜಲವನ್ನೂ ನೆಲವನ್ನೂ ನಾವೇ ಕೆಡಿಸುತ್ತಿದ್ದೇವೆ.

2019ರಲ್ಲಿ ಆರಂಭವಾದ ಜಲಜೀವನ ಮಿಷನ್, ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಲ್ಲಿಗೆ ತಲುಪಿಸುವ ಗುರಿಯುಳ್ಳದ್ದು. ದೂರದಿಂದ ಕೊಡ ಹೊತ್ತು ತರುತ್ತಿದ್ದ ತಾಯಂದಿರಿಗೆ ಇದು ದೊಡ್ಡ ನೆಮ್ಮದಿ. ಆದರೆ ಹೀಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ಕೊಳೆನೀರಾಗಿ ಹೊರಬೀಳುತ್ತದೆ. ಐವರಿರುವ ಮನೆಯಿಂದ ದಿನಕ್ಕೆ 220 ಲೀಟರ್. ಅಂತಹ 300 ಮನೆಗಳಿರುವ ಊರಿನಿಂದ 66,000 ಲೀಟರ್. ನಲ್ಲಿಗಾಗಿ ಹೋರಾಡಿದ ನಾವು ಈ ನೀರಿನ ಗತಿಯೇನೆಂದು ಕೇಳಲಿಲ್ಲ.

ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ಕೊಳೆನೀರಿನಲ್ಲಿಯೇ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಜನರಿಗೆ ಆ ವೇದನೆಯನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಕುಡಿಯುವ ನೀರಿನ ಕೊಳವೆ ಅನೇಕ ಕಡೆ ಚರಂಡಿಯ ಪಕ್ಕದಲ್ಲಿಯೇ ಹಾದುಹೋಗುತ್ತದೆ. ನೀರು ಬಿಡುವುದು ನಿಂತೊಡನೆ ಕೊಳವೆಯ ಬಿರುಕಿನಿಂದ ಕೊಳೆ ಒಳಸೇರುತ್ತದೆ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಹೀಗೆ ಮನೆಮನೆಗೆ ಬರುತ್ತವೆ.

ಗ್ರಾಮಸಭೆಗಳಲ್ಲಿ ಕೇಳಿಬರುವ ಬೇಡಿಕೆ ಸಿಮೆಂಟ್ ಚರಂಡಿಯದು. ಚರಂಡಿಯು ಕೊಳೆಯನ್ನು ಸಾಗಿಸುತ್ತದೆಯೇ ಹೊರತು ಶುದ್ಧಗೊಳಿಸುವುದಿಲ್ಲ. ಊರ ಮೇಲಿನ ಓಣಿಯ ನೀರು ಕೆಳಗಿನ ಕೇರಿಯ ಬಾಗಿಲಲ್ಲಿ ನಿಲ್ಲುತ್ತದೆ. ಉಳಿದುದು ಕೆರೆ ಸೇರುತ್ತದೆ. ಆ ಕೇರಿಯಲ್ಲಿರುವವರು ಬಹುಮಟ್ಟಿಗೆ ಬಡವರು. ಚರಂಡಿ ಕಟ್ಟಿದಾಗ ಅದನ್ನು ಬಳಿಯಲು ನಾವು ಕರೆಯುವುದೂ ಅವರನ್ನೇ. ನಮ್ಮ ಮನೆಯ ಶುಚಿತ್ವವು ಮತ್ತೊಬ್ಬರ ಅಂಗಳದ ಹೊಲಸಾಗುವುದಾದರೆ ಅದನ್ನು ಶುಚಿತ್ವವೆನ್ನಲಾಗದು.

ಆದುದರಿಂದ ಚರಂಡಿಗಿಂತ ಮೊದಲು ಮನೆಮನೆಗೂ ಬಚ್ಚಲು ಗುಂಡಿಯಾಗಬೇಕೆಂಬುದು ನಮ್ಮ ಅಭಿಪ್ರಾಯ. ಸುಮಾರು ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ; ತಳದಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ; ನೀರು ಒಳಹೋಗುವ ಮುನ್ನ ಅನ್ನದ ಅಗುಳು, ಕೂದಲು, ಜಿಡ್ಡನ್ನು ತಡೆಯುವ ಪುಟ್ಟ ತೊಟ್ಟಿ. ಆ ತೊಟ್ಟಿಯನ್ನು ವಾರಕ್ಕೊಮ್ಮೆ ಶುಚಿಗೊಳಿಸದಿದ್ದರೆ ಗುಂಡಿ ಬೇಗ ಕಟ್ಟಿಕೊಳ್ಳುತ್ತದೆ. ಉದ್ಯೋಗ ಖಾತರಿ ಯೋಜನೆಯಡಿ ನಮ್ಮ ರಾಜ್ಯದ ಅನೇಕ ಪಂಚಾಯಿತಿಗಳು ಇಂತಹ ಗುಂಡಿಗಳನ್ನು ಕಟ್ಟಿಸಿಕೊಟ್ಟಿವೆ. ಕುಡಿಯುವ ನೀರಿನ ಬಾವಿಯಿಂದ ಇದು ದೂರವಿರಬೇಕು. ಶೌಚಾಲಯದ ನೀರನ್ನು ಇದಕ್ಕೆ ಎಂದೂ ಸೇರಿಸಬಾರದು. ಅದಕ್ಕೆ ಜೋಡಿಗುಂಡಿಯ ವ್ಯವಸ್ಥೆ ಬೇರೆಯೇ ಇರಲಿ.

ಎರೆಭೂಮಿಯಲ್ಲಿ ನೀರು ಇಂಗುವುದು ನಿಧಾನ. ಅಲ್ಲಿ ಹಿತ್ತಲಿನ ಬಾಳೆ, ಕೆಸುವಿನ ಗಿಡಗಳಿಗೆ ಈ ನೀರನ್ನು ನಿಲ್ಲದಂತೆ ಹಾಯಿಸಬಹುದು. ಇಕ್ಕಟ್ಟಿನ ಓಣಿಗಳ ನೀರನ್ನು ಊರ ಹೊರಗೆ ಒಯ್ದು, ಕೆರೆ ಸೇರುವ ಮುನ್ನ ಸಾಲುಹೊಂಡಗಳಲ್ಲಿ ತಂಗಿಸಿ, ಜೊಂಡು, ಕಾಬಾಳೆ ಬೆಳೆಸಿದ ಜಲ್ಲಿಮಡಿಯ ಮೂಲಕ ಹರಿಸಬೇಕು. ಬಿಸಿಲು, ಪಾಚಿ, ಬೇರುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ವಿದ್ಯುತ್ತಿಲ್ಲದೆಯೇ ಕೊಳೆಯನ್ನು ಬಹುಮಟ್ಟಿಗೆ ಕಳೆಯುತ್ತವೆ. ಆ ನೀರು ಕುಡಿಯಲು ಬಾರದಿದ್ದರೂ ಮರಗಿಡಗಳಿಗೆ ಒದಗುತ್ತದೆ. ಹೊಂಡಗಳ ಹೂಳೆತ್ತುವ, ಅಂಚಿನ ಕಳೆ ಕೀಳುವ ಕೆಲಸ ತಪ್ಪಿದರೆ ಅವೇ ಸೊಳ್ಳೆಯ ತವರಾದಾವು.

ಇದೆಲ್ಲ ಪಂಚಾಯಿತಿಯ ಕೆಲಸವೆಂದು ಹಲವರು ಹೇಳಬಹುದು. ಹಣ, ಸ್ಥಳ, ತಾಂತ್ರಿಕ ನೆರವು ಪಂಚಾಯಿತಿಯಿಂದ ಬರಬೇಕು, ನಿಜ. ಆದರೆ ತೊಟ್ಟಿಯ ಅಗುಳು ತೆಗೆಯಲು ಸರಕಾರ ಬಾರದು. ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಶರಣೆ ಸತ್ಯಕ್ಕನ ಪರಂಪರೆ ನಮ್ಮದು. ನಮ್ಮ ಕೊಳೆಯನ್ನು ನಾವೇ ನೋಡಿಕೊಳ್ಳುವುದರಲ್ಲಿ ಯಾವ ಕೀಳರಿಮೆಯೂ ಬೇಕಿಲ್ಲ.

ಸಾವಿರಾರು ಜನರಿಗೆ ಪ್ರಸಾದ ನೀಡುವ ದಾಸೋಹ ಮನೆಗಳಿಂದಲೂ, ವಸತಿನಿಲಯಗಳಿಂದಲೂ ಇದು ಆರಂಭವಾದರೆ ಭಕ್ತರು ಕಂಡು ಕಲಿಯುವರು. ಈ ಮಳೆಗಾಲಕ್ಕೆ ಮುನ್ನ ಸದ್ಭಕ್ತರು ತಮ್ಮ ಬಚ್ಚಲ ನೀರು ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಅದರ ಜೊತೆಗೇ ನಡೆದು ನೋಡಲಿ. ಅದು ಯಾರ ಬಾಗಿಲಲ್ಲಿ ನಿಂತಿದೆಯೋ ಅವರೊಡನೆ ಕುಳಿತು ಮುಂದಿನ ಕೆಲಸವನ್ನು ನಿರ್ಧರಿಸಲಿ.