ಗುರುತು ಹಾಕುವ ಯಂತ್ರ, ಹೋಗಿ ನೋಡುವ ಮನುಷ್ಯ

2023ರ ಫೆಬ್ರವರಿ 6ರ ಭೂಕಂಪದಲ್ಲಿ ತುರ್ಕಿ, ಸಿರಿಯಾಗಳ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೊದಲು ಯಾವ ಬೀದಿಗೆ ಹೋಗಬೇಕೆಂದು ತಿಳಿಯದ ರಕ್ಷಣಾ ತಂಡಗಳಿಗೆ ನೆರವಾದವುಗಳಲ್ಲಿ ‘ಎಕ್ಸ್‌ವ್ಯೂ2’ ಎಂಬ ಎಐ ತಂತ್ರಾಂಶವೂ ಒಂದು. ಭೂಕಂಪದ ಹಿಂದಿನ ಮತ್ತು ನಂತರದ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಯಾವ ಕಟ್ಟಡಕ್ಕೆ ಎಷ್ಟು ಹಾನಿಯಾಗಿದೆ ಎಂದು ಅದು ಗುರುತು ಹಾಕುತ್ತಿತ್ತು. ಅದನ್ನು ಮಾಡಿಸಿದ್ದು ಅಮೆರಿಕದ ರಕ್ಷಣಾ ಇಲಾಖೆ. ಡ್ರೋನ್ ವಿಡಿಯೊಗಳಲ್ಲಿ ಜನರನ್ನೂ ವಾಹನಗಳನ್ನೂ ಎಐನಿಂದ ಗುರುತಿಸಲು 2017ರಲ್ಲಿ ‘ಪ್ರಾಜೆಕ್ಟ್ ಮೇವನ್’ ಶುರುಮಾಡಿದ್ದೂ ಅದೇ ಇಲಾಖೆ.

ಮೇಲಿನಿಂದ ನೋಡುವ ಉಪಗ್ರಹಕ್ಕೆ ಬಿರುಕುಬಿಟ್ಟ ಗೋಡೆ ಕಾಣದೆ ಹೋಗಬಹುದು. ಅದರಿಂದ ನೆರವು ತಡವಾದರೆ ಪ್ರಾಣವೇ ಹೋದೀತು. ಅದು ಸಣ್ಣ ಮಾತಲ್ಲ. ಆದರೂ ಅಲ್ಲಿ ಗುರುತಿನ ಹಿಂದೆಯೇ ಮನುಷ್ಯರು ಹೋಗುತ್ತಾರೆ, ಕಣ್ಣಾರೆ ಕಂಡು ತಪ್ಪನ್ನು ತಿದ್ದುತ್ತಾರೆ. ಯುದ್ಧದಲ್ಲಿ ಗುರುತಿನ ಹಿಂದೆ ಹೋಗುವುದು ಬಾಂಬು.

ಗಾಜಾದಲ್ಲಿ ಇಸ್ರೇಲ್ ಸೇನೆಯ ‘ಲ್ಯಾವೆಂಡರ್’ ಎಂಬ ಎಐ ವ್ಯವಸ್ಥೆ ಸುಮಾರು 37,000 ಪ್ಯಾಲೆಸ್ಟೀನಿಯರನ್ನು ಶಂಕಿತ ಉಗ್ರರೆಂದು ಗುರುತಿಸಿತ್ತು ಎಂದು 2024ರ ಏಪ್ರಿಲ್‌ನಲ್ಲಿ ‘+972’ ಪತ್ರಿಕೆ ವರದಿ ಮಾಡಿತು. ದಾಳಿಗೆ ಒಪ್ಪಿಗೆ ಕೊಡುವ ಮೊದಲು ಒಂದೊಂದು ಹೆಸರಿಗೆ ಸಿಗುತ್ತಿದ್ದುದು ಸುಮಾರು 20 ಸೆಕೆಂಡು, ಅದೂ ಆ ವ್ಯಕ್ತಿ ಗಂಡಸೇ ಎಂದು ನೋಡಿಕೊಳ್ಳಲು ಎಂಬುದು ಇಸ್ರೇಲಿನ ಗುಪ್ತಚರ ಅಧಿಕಾರಿಗಳೇ ಪತ್ರಿಕೆಗೆ ಕೊಟ್ಟ ಮಾಹಿತಿ. ಯಂತ್ರ ಗುರಿ ನಿರ್ಧರಿಸುವುದಿಲ್ಲ, ಅದು ಮಾಹಿತಿಯನ್ನು ತಾಳೆ ನೋಡುವ ಸಾಧನ ಮಾತ್ರ ಎಂದು ಸೇನೆ ಹೇಳಿತು. ಹಾಗಿದ್ದರೆ ತಾಳೆ ತಪ್ಪಿದಾಗ ಉತ್ತರ ಕೊಡಬೇಕಾದವರು ಯಾರು?

ಈ ಪ್ರಶ್ನೆ ನಮ್ಮದೂ ಹೌದು. ಸ್ವಯಂಚಾಲಿತ ಶಸ್ತ್ರಗಳ ಕುರಿತು 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನಿರ್ಣಯದ ಪರ 152 ದೇಶಗಳು ಮತ ಹಾಕಿದವು. ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಜಿನೀವಾದಲ್ಲಿ ಚರ್ಚೆ ನಡೆದೇ ಇದೆ, ಇನ್ನೊಂದು ವೇದಿಕೆ ಬೇಡ ಎಂಬುದು ನಮ್ಮ ಸರ್ಕಾರದ ವಾದ. ಜಿನೀವಾದ ತಜ್ಞರ ಸಮಿತಿಗೆ 2017ರಲ್ಲಿ ಅಧ್ಯಕ್ಷತೆ ವಹಿಸಿದ್ದೂ ಭಾರತವೇ. ಆದರೆ ಆಗಿನಿಂದ ಆ ಮತದಾನದವರೆಗೆ ಆರು ವರ್ಷಗಳಲ್ಲಿ ಕಡ್ಡಾಯವಾದ ಒಂದು ನಿಯಮವೂ ಅಲ್ಲಿಂದ ಹೊರಬರಲಿಲ್ಲ. ಹೀಗಿರುವಾಗ ಆ ವಾದವನ್ನು ಒಪ್ಪುವುದು ಕಷ್ಟ.

ಗೂಗಲ್‌ನ ಸಾವಿರಾರು ನೌಕರರು ಸಹಿ ಹಾಕಿ ವಿರೋಧಿಸಿದ್ದಕ್ಕೆ 2018ರಲ್ಲಿ ಆ ಕಂಪನಿ ಮೇವನ್ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದಿತು. ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಕೇಂದ್ರ 1986ರಿಂದಲೂ ಬೆಂಗಳೂರಿನಲ್ಲಿದೆ. ಇಂಥ ತಂತ್ರಾಂಶ ಬರೆಯಬಲ್ಲ ಕನ್ನಡಿಗರು ಈ ಊರಿನ ಕಂಪನಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ನೀವು ಅವರಲ್ಲೊಬ್ಬರಾಗಿದ್ದರೆ, ನೀವು ಬರೆದ ತಂತ್ರಾಂಶದ ಕೊನೆಯ ಬಳಕೆ ಏನೆಂದು ಕಂಪನಿಯನ್ನು ಕೇಳಿ. ಸಿಕ್ಕ ಉತ್ತರವನ್ನು ನಮಗೂ ಬರೆದು ತಿಳಿಸಿ.