ಠಾಣೆಗೆ ಬೇಕಾದ ಪದವಿ ಯಾವುದು?

ಪದವಿ ಕಾಲೇಜುಗಳ ಪ್ರವೇಶ ನಡೆಯುತ್ತಿದ್ದ ದಿನಗಳಲ್ಲಿ ಗದಗ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಧಾರವಾಡದ ನನ್ನ ಮನೆಗೆ ಬಂದಿದ್ದರು. ಹುಡುಗಿ ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಳು. ಚಹಾ ಮುಟ್ಟುವ ಮೊದಲೇ ಅವರು ಬಂದ ಕೆಲಸ ಹೇಳಿದರು: ‘ಸರ, ಯಾವ ಡಿಗ್ರಿ ಓದಿದ್ರ ಈಕಿ ಪಿಎಸ್‌ಐ ಆಗ್ತಾಳ್ರಿ?’

ಯಾವುದಾದರೂ ನಡೆಯುತ್ತದೆ ಎಂದೆ. ಅವರ ಮುಖ ಅರಳಿತು. ‘ಹಂಗಾದ್ರ ಸಲೀಸ ಯಾವುದೈತಿ ಅದನ್ನ ಹಚ್ಚೂಣ ಬಿಡ್ರಿ. ಡಿಗ್ರಿ ಒಂದ್ ಕಡೆ ಇರ್ಲಿ, ಕೋಚಿಂಗ್ ಒಂದ್ ಕಡೆ ಇರ್ಲಿ.’

ಮೂರು ದಶಕಗಳ ಕಾಲ ಸರ್ಕಾರಿ ಅಭಿಯೋಜಕನಾಗಿ ದುಡಿದು, ನಿವೃತ್ತಿಯ ನಂತರ ಕಾಲೇಜೊಂದರಲ್ಲಿ ಅಪರಾಧಶಾಸ್ತ್ರದ ಅತಿಥಿ ಉಪನ್ಯಾಸಕನಾಗಿರುವ ನನಗೆ ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಯಿತು. ಏಕೆಂದರೆ ಅದನ್ನು ಅವರಿಗೆ ಕಲಿಸಿದ್ದು ನಮ್ಮ ವ್ಯವಸ್ಥೆಯೇ. ಸಬ್ ಇನ್‌ಸ್ಪೆಕ್ಟರ್ ಹುದ್ದೆಯ ಅಧಿಸೂಚನೆ ಕೇಳುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಒಂದು ಪದವಿಯನ್ನು ಮಾತ್ರ. ಅದು ಇತಿಹಾಸದ್ದೋ, ವಾಣಿಜ್ಯದ್ದೋ, ರಸಾಯನಶಾಸ್ತ್ರದ್ದೋ ಎಂಬುದನ್ನು ಯಾರೂ ಕೇಳುವುದಿಲ್ಲ. ಹೀಗಾಗಿ ಮೂರು ವರ್ಷಗಳ ವಿದ್ಯಾಭ್ಯಾಸವೆಂಬುದು ಪರೀಕ್ಷಾ ಕೊಠಡಿಯ ಬಾಗಿಲು ದಾಟಲು ಬೇಕಾದ ಒಂದು ರಹದಾರಿ ಪತ್ರವಾಗಿ ಉಳಿದಿದೆ. ನಿಜವಾದ ಓದು ನಡೆಯುವುದು ಸಪ್ತಾಪುರದ ಕೋಚಿಂಗ್ ಕೇಂದ್ರಗಳಲ್ಲಿ, ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಗಳಲ್ಲಿ. ಬೆಳಗಿನ ಐದಕ್ಕೆ ಮೈದಾನದಲ್ಲಿ 1600 ಮೀಟರ್ ಓಟ, ಹಗಲೆಲ್ಲ ಸಾಮಾನ್ಯ ಜ್ಞಾನದ ಪುಸ್ತಕ. ಕಾಲೇಜಿನ ತರಗತಿಗೆ ಹಾಜರಾತಿ ಕಡಿಮೆಯಾದಾಗಷ್ಟೇ ಒಂದು ಭೇಟಿ. ನನ್ನ ಹಿಂದಿನ ಬೆಂಚುಗಳಲ್ಲಿ ಕುಳಿತು, ಪಠ್ಯಪುಸ್ತಕದ ಮರೆಯಲ್ಲಿ ರಾಜಧಾನಿಗಳ ಪಟ್ಟಿ ಉರು ಹೊಡೆಯುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಕೇಳಿದ್ದನ್ನಷ್ಟೇ ಅವರು ಓದುತ್ತಿದ್ದಾರೆ.

ಆದರೆ ಆ ಹುದ್ದೆ ಕೈಗೆ ಬಂದ ಮೇಲೆ ಅವರು ಮಾಡಬೇಕಾದ ಕೆಲಸವಾದರೂ ಏನು? ಸಿನಿಮಾ ನೋಡಿ ಬೆಳೆದ ನಮಗೆ ಪೊಲೀಸ್ ಎಂದರೆ ಲಾಠಿ, ಜೀಪು, ಬೆನ್ನಟ್ಟುವಿಕೆ. ಠಾಣೆಯ ಒಳಗೆ ಒಂದು ದಿನ ಕುಳಿತವರಿಗೆ ಗೊತ್ತು, ಅಲ್ಲಿ ಅತಿ ಹೆಚ್ಚು ದುಡಿಯುವುದು ಪೆನ್ನು. ಫಿರ್ಯಾದಿಯ ಮಾತು ಕೇಳಿ ಪ್ರಥಮ ವರ್ತಮಾನ ವರದಿ ಬರೆಯಬೇಕು. ಸಾಕ್ಷಿಗಳ ಹೇಳಿಕೆ, ಸ್ಥಳದ ಪಂಚನಾಮೆ, ಜಪ್ತಿ ಪಂಚನಾಮೆ, ದಿನದಿನದ ಕೇಸ್ ಡೈರಿ, ಕೊನೆಗೆ ದೋಷಾರೋಪಣ ಪಟ್ಟಿ, ಎಲ್ಲವೂ ಬರವಣಿಗೆ. ನ್ಯಾಯಾಲಯಕ್ಕೆ ಘಟನೆ ಕಾಣುವುದಿಲ್ಲ, ಅದರ ಬಗ್ಗೆ ಬರೆದ ಕಾಗದ ಕಾಣುತ್ತದೆ, ಬರೆದವನ ಸಾಕ್ಷ್ಯ ಕೇಳುತ್ತದೆ.

ವರ್ಷಗಳ ಹಿಂದೆ ನಾನು ನಡೆಸಿದ ಒಂದು ಪ್ರಕರಣ ಇಂದಿಗೂ ನಿದ್ದೆ ಕೆಡಿಸುತ್ತದೆ. ಹೊಲದ ಬದುವಿನ ಜಗಳದಲ್ಲಿ ಕೂಲಿ ಹೆಂಗಸೊಬ್ಬಳ ಎರಡು ಬೆರಳು ಕುಡಗೋಲಿಗೆ ತುಂಡಾಗಿದ್ದವು. ಆರೋಪಿಯ ಹಿತ್ತಲಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕುಡಗೋಲು ಜಪ್ತಿ ಮಾಡಿದ್ದಾಗಿ ಪಂಚನಾಮೆ ಹೇಳುತ್ತಿತ್ತು. ಅದೇ ಹೊತ್ತಿನಲ್ಲಿ, ಇಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ, ಅದೇ ತನಿಖಾಧಿಕಾರಿ ಗಾಯಾಳುವಿನ ಹೇಳಿಕೆ ದಾಖಲಿಸಿಕೊಂಡಿದ್ದಾಗಿ ಇನ್ನೊಂದು ಕಾಗದ ಹೇಳುತ್ತಿತ್ತು. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. ಅಧಿಕಾರಿ ತಡವರಿಸಿದರು. ಹೊರಗೆ ಬಂದು ನನ್ನಲ್ಲಿ ಹೇಳಿದರು: ‘ಸರ್, ಎರಡೂ ನಾನು ಬರೆದದ್ದಲ್ಲ, ರೈಟರ್ ಬರೆದದ್ದು. ನಾನು ಸಹಿ ಮಾಡಿದೆ.’ ಅವರು ವಿಜ್ಞಾನದ ಸ್ನಾತಕೋತ್ತರ ಪದವೀಧರರು, ಪ್ರಾಮಾಣಿಕರು ಕೂಡ. ಪ್ರಯೋಗಾಲಯದಲ್ಲಿ ಹೊತ್ತು, ಅಳತೆ, ಕ್ರಮ ತಪ್ಪದೆ ಬರೆದಿಟ್ಟು ಅಭ್ಯಾಸವಿದ್ದವರು. ಆ ಶಿಸ್ತಿಗೂ ಪಂಚನಾಮೆಗೂ ನಂಟಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆರೋಪಿ ಖುಲಾಸೆಯಾದ. ಮೊಗಸಾಲೆಯಲ್ಲಿ ಆ ಹೆಂಗಸು ಕೈ ಮುಂದೆ ಚಾಚಿ ಕೇಳಿದಳು: ‘ನನ್ನ ಕೈ ಸುಳ್ಳಂತೇನ್ರಿ, ಸಾಹೇಬ್ರ?’

ಇದು ಒಂದು ಠಾಣೆಯ ಕಥೆಯಲ್ಲ. ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆಗೊಳಗಾಗಿದ್ದ ವ್ಯಕ್ತಿಯನ್ನು ಬಿಡುಗಡೆ ಮಾಡುತ್ತ, ಆರೋಪಿ ತೋರಿಸಿಕೊಟ್ಟನೆನ್ನುವ ವಸ್ತುಗಳ ಪಂಚನಾಮೆಯನ್ನು ಹೇಗೆ ಬರೆಯಬೇಕೆಂದು ವಿವರಿಸಬೇಕಾಯಿತು. ಪಂಚರ ಸಮಕ್ಷಮ ಆರೋಪಿ ಆಡಿದ ಮಾತು ಅವನದೇ ಶಬ್ದಗಳಲ್ಲಿ ಪಂಚನಾಮೆಯ ಮೊದಲ ಭಾಗದಲ್ಲಿ ಇರಬೇಕು ಎಂಬುದು ಅದರ ಸಾರ. ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿಕೊಡಬೇಕಾಗಿ ಬಂದದ್ದು ಒಂದು ಬರವಣಿಗೆಯ ಪಾಠವನ್ನು! ನಮ್ಮ ಠಾಣೆಗಳಲ್ಲಿ ಆರೋಪಿ ಕುಂದಗೋಳದವನಿರಲಿ, ಕುಂದಾಪುರದವನಿರಲಿ, ಎಲ್ಲರೂ ಕಾಗದದ ಮೇಲೆ ಒಂದೇ ಕನ್ನಡ ಮಾತನಾಡುತ್ತಾರೆ. ‘ಸದರಿ ಆಸಾಮಿಯು ಮೇಲ್ಕಾಣಿಸಿದ ಸ್ಥಳದಲ್ಲಿ’ ಎಂದು ಯಾವ ಕೂಲಿಕಾರನೂ ಹುಟ್ಟಿನಿಂದ ಮಾತನಾಡಿದ್ದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಅಪರಾಧ ಕಾನೂನುಗಳು ಈ ಹೊರೆಯನ್ನು ಇನ್ನಷ್ಟು ಹೆಚ್ಚಿಸಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆ ಮತ್ತು ಜಪ್ತಿಯನ್ನು ದೃಶ್ಯ–ಧ್ವನಿ ಮುದ್ರಣ ಮಾಡಬೇಕು. 176ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಇನ್ನು ಮುಂದೆ ಕಾಗದ ಒಂದು ಹೇಳಿ ವಿಡಿಯೊ ಇನ್ನೊಂದು ತೋರಿಸಿದರೆ ರೈಟರ್ ಮೇಲೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ.

ಹಾಗಾದರೆ ಪೊಲೀಸ್ ಆಗಬಯಸುವವರೆಲ್ಲ ಅಪರಾಧಶಾಸ್ತ್ರವನ್ನೇ ಓದಬೇಕೆ? ಅದನ್ನೇ ಕಲಿಸಿ ಉಣ್ಣುವ ನಾನು ಹೌದು ಎನ್ನಬೇಕಿತ್ತು. ಕಲಿಯುವ ಅವಕಾಶಗಳಿಗೇನೂ ಕೊರತೆಯಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗ ಬಹುಕಾಲದಿಂದ ಇದೆ. ಮೈಸೂರಿನಲ್ಲಿ, ಮಂಗಳೂರಿನಲ್ಲಿ ಈ ವಿಷಯ ಕಲಿಸುವ ಕಾಲೇಜುಗಳಿವೆ. ಕೇಂದ್ರ ಸರ್ಕಾರ 2020ರಲ್ಲಿ ಸ್ಥಾಪಿಸಿದ ಎರಡು ವಿಶ್ವವಿದ್ಯಾಲಯಗಳ ಪೈಕಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣ ಧಾರವಾಡಕ್ಕೂ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಆವರಣ ಶಿವಮೊಗ್ಗಕ್ಕೂ ಬಂದಿವೆ. ಒಳ್ಳೆಯದೇ. ಆದರೂ ಈ ಪದವಿಯನ್ನು ಕಡ್ಡಾಯ ಮಾಡುವುದನ್ನು ನಾನು ಒಪ್ಪಲಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಬಿಟ್ಟು ಬೇರೆ ದಾರಿಯಿಲ್ಲದ ಹುಡುಗ ಹುಡುಗಿಯರಿಗೆ ಆ ಕ್ಷಣವೇ ಬಾಗಿಲು ಮುಚ್ಚುತ್ತದೆ. ಕೃಷಿ ಗೊತ್ತಿದ್ದವರು, ಲೆಕ್ಕಪತ್ರ ಗೊತ್ತಿದ್ದವರು, ಮನಃಶಾಸ್ತ್ರ ಓದಿದವರು ಎಲ್ಲರೂ ಇರುವ ಪೊಲೀಸ್ ಪಡೆಯೇ ಊರಿಗೆ ಕ್ಷೇಮ. ಬ್ಯಾಂಕ್ ವಂಚನೆಯ ಕಡತ ಬಂದಾಗ ನನಗೆ ನೆರವಾದದ್ದು ಒಬ್ಬ ಬಿ.ಕಾಂ. ಓದಿದ ಸಬ್ ಇನ್‌ಸ್ಪೆಕ್ಟರ್.

ಕಡ್ಡಾಯ ಮಾಡಿ ನೋಡಿದವರ ಅನುಭವವೂ ನಮ್ಮ ಮುಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಸೇರುವ ಕಾನ್‌ಸ್ಟೆಬಲ್ ಪದವೀಧರನಾಗಿರಬೇಕು ಇಲ್ಲವೇ ಕೆಲಸ ಮಾಡುತ್ತಲೇ ಪದವಿ ಪಡೆಯಬೇಕು ಎಂಬ ವ್ಯವಸ್ಥೆ ತರಲಾಯಿತು. ಪಾಳಿ ಮುಗಿಸಿ ಬಂದವರು ರಾತ್ರಿ ಪ್ರಬಂಧ ಬರೆಯಬೇಕಾಯಿತು. ಬೀದಿಯಲ್ಲಿರಬೇಕಾದವರು ತರಗತಿಯಲ್ಲಿದ್ದಾರೆಂದು ಹಿರಿಯ ಅಧಿಕಾರಿಗಳೇ ದೂರಿದರು. 2022ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಪದವಿ ಬೇಡದ ದಾರಿಯೊಂದನ್ನು ಉಳಿಸಿಕೊಳ್ಳಲು ತೀರ್ಮಾನಿಸಿತು. ನಮ್ಮಲ್ಲಿ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಸಾಕು. ಆದರೂ ನಿರುದ್ಯೋಗದಿಂದಾಗಿ ಎಷ್ಟೋ ಪದವೀಧರರು, ಸ್ನಾತಕೋತ್ತರ ಪದವೀಧರರು ಅಲ್ಲಿ ಖಾಕಿ ತೊಟ್ಟಿದ್ದಾರೆ. ಅವರ ಓದನ್ನು ಇಲಾಖೆ ಬಂದೋಬಸ್ತಿಗೆ ನಿಲ್ಲಿಸುತ್ತದೆ. ಕಾನ್‌ಸ್ಟೆಬಲ್‌ನ ಕೆಲಸ ಯಾಂತ್ರಿಕವಾದುದೆಂಬ ಹಳೆಯ ಭಾವನೆ ಬದಲಾಗಬೇಕೆಂದು ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೊದಲ ವರದಿಯಲ್ಲಿ ಹೇಳಿದ್ದು 1979ರಲ್ಲಿ.

ನನ್ನ ಆಕ್ಷೇಪ ಇರುವುದು ಪದವಿಯ ವಿಷಯದ ಬಗ್ಗೆ ಅಲ್ಲ, ನಾವು ಅಭ್ಯರ್ಥಿಯಲ್ಲಿ ಏನನ್ನು ಅಳೆಯುತ್ತೇವೆ ಎಂಬುದರ ಬಗ್ಗೆ. ಪಿಎಸ್‌ಐ ಲಿಖಿತ ಪರೀಕ್ಷೆಯ 200 ಅಂಕಗಳಲ್ಲಿ ಪ್ರಬಂಧ, ಸಂಕ್ಷೇಪ, ಭಾಷಾಂತರ ಸೇರಿ ಬರವಣಿಗೆಗೆ ಸಿಗುವುದು 50. ಉಳಿದ 150 ಅಂಕ ಓಎಂಆರ್ ಹಾಳೆಯ ವೃತ್ತಗಳನ್ನು ಕಪ್ಪು ಮಾಡುವುದಕ್ಕೆ. ಆ ವೃತ್ತಗಳು ನಮ್ಮನ್ನು ಎಲ್ಲಿಗೆ ತಂದವು ಎಂಬುದನ್ನು ನಾಡು ಕಂಡಿದೆ. 2021ರ ಅಕ್ಟೋಬರ್ 3ರಂದು 545 ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಉತ್ತರಗಳು ಆಮೇಲೆ ಭರ್ತಿಯಾದ ಆರೋಪ ಬಂದು, ಸಿಐಡಿ ತನಿಖೆಯಾಗಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ 2022ರ ಜುಲೈನಲ್ಲಿ ಬಂಧನಕ್ಕೊಳಗಾದರು. ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾಗಿದ್ದವರೂ ಆ ಎರಡು ವರ್ಷಗಳನ್ನು ಕೋರ್ಟು–ಕಚೇರಿಗಳ ನಡುವೆ ಕಳೆದು, ಮತ್ತೆ ಪುಸ್ತಕ ಹಿಡಿಯಬೇಕಾಯಿತು.

ಬರವಣಿಗೆಯ ಪಾಲನ್ನು ಅರ್ಧಕ್ಕಾದರೂ ಏರಿಸಬೇಕು ಎಂಬುದು ನನ್ನ ಸಲಹೆ. ಪ್ರಬಂಧದ ಬದಲು ಹತ್ತು ನಿಮಿಷದ ಒಂದು ದೃಶ್ಯ ತೋರಿಸಿ, ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲಿ ಬರೆಯಲು ಹೇಳಲಿ. ಒಬ್ಬರ ಆಡುಮಾತು ಕೇಳಿಸಿ, ಅದು ಕೆಡದಂತೆ ದಾಖಲಿಸಲು ಹೇಳಲಿ. ಬರಹ ಮೌಲ್ಯಮಾಪನದಲ್ಲಿ ಪಕ್ಷಪಾತ ನುಸುಳುತ್ತದೆ, ಕಾಲ ಹಿಡಿಯುತ್ತದೆ ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಓಎಂಆರ್ ಹಾಳೆಯೂ ಪಾರಾಗಲಿಲ್ಲವಲ್ಲ. ಇಬ್ಬರು ಮೌಲ್ಯಮಾಪಕರು ಹೆಸರು ಕಾಣದ ಪತ್ರಿಕೆಯನ್ನು ಬೇರೆ ಬೇರೆಯಾಗಿ ನೋಡುವ ಕ್ರಮ ವಿಶ್ವವಿದ್ಯಾಲಯಗಳಿಗೆ ಹೊಸದೇನಲ್ಲ. ಪರೀಕ್ಷೆ ಹೀಗೆ ಬದಲಾದರೆ ಇತಿಹಾಸದ ವಿದ್ಯಾರ್ಥಿ ದಾಖಲೆ ಓದುವುದನ್ನು, ವಿಜ್ಞಾನದ ವಿದ್ಯಾರ್ಥಿ ಗಮನಿಸಿ ಬರೆಯುವುದನ್ನು, ಕನ್ನಡದ ವಿದ್ಯಾರ್ಥಿ ಮಾತಿನ ಬನಿಯನ್ನು ತನ್ನ ತರಗತಿಯಲ್ಲೇ ಕಲಿಯಲು ಕಾರಣ ಸಿಗುತ್ತದೆ. ಹಿಂದಿನ ಬೆಂಚು ಖಾಲಿಯಾದೀತು.

ಆ ಹುಡುಗಿ ಕೊನೆಗೆ ಬಿ.ಎ. ಸೇರಿದಳು, ಕನ್ನಡ, ಸಮಾಜಶಾಸ್ತ್ರಗಳ ಜೊತೆಗೆ ನನ್ನ ವಿಷಯವನ್ನೂ ತೆಗೆದುಕೊಂಡಳು. ತಂದೆಗೆ ಪೂರ್ತಿ ಸಮಾಧಾನವಾದಂತಿಲ್ಲ, ಕೋಚಿಂಗ್ ಶುಲ್ಕವನ್ನೂ ಕಟ್ಟಿದ್ದಾರೆ. ಕಳೆದ ವಾರ ಅವಳಿಗೆ ಒಂದು ಕೆಲಸ ಕೊಟ್ಟಿದ್ದೆ: ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಕಂಡದ್ದನ್ನು ಎರಡು ಪುಟ ಬರೆದು ತಾ. ತಂದಳು. ಕಿಸೆಗಳ್ಳನೊಬ್ಬ ಸಿಕ್ಕಿಬಿದ್ದ ಪ್ರಸಂಗ, ಓದಲು ಸ್ವಾರಸ್ಯವಾಗಿಯೇ ಇತ್ತು. ‘ಅವನು ಕಳ್ಳನೆಂದು ನಿನಗೆ ಹೇಗೆ ಗೊತ್ತು? ಕದ್ದದ್ದನ್ನು ನೀನು ನೋಡಿದೆಯಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ರಿ ಸರ, ಮಂದಿ ಅಂದ್ರು’ ಎಂದಳು. ಕಾಗದ ವಾಪಸು ತೆಗೆದುಕೊಂಡು ಹೋಗಿದ್ದಾಳೆ. ಸೋಮವಾರ ಮತ್ತೆ ಬರೆದು ತರುತ್ತಾಳಂತೆ.