ಮರ ಸವರುವವನು ಕೂಲಿಯೇ, ವೈದ್ಯನೇ?

ಪುಣೆಯಲ್ಲಿ ಮೇ ತಿಂಗಳೆಂದರೆ ಮರಗಳ ಕ್ಷೌರದ ತಿಂಗಳು. ಮುಂಗಾರು ಸಹ್ಯಾದ್ರಿಯನ್ನು ದಾಟಿ ಬರುವ ಮುನ್ನ ಪ್ರತಿಯೊಂದು ವಸತಿ ಸಂಕುಲದ ಕಾರ್ಯಕಾರಿ ಸಮಿತಿಗೂ ತನ್ನ ಅಂಗಳದ ಮರಗಳು ನೆನಪಾಗುತ್ತವೆ. ಮಹಾನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಹೋಗುತ್ತದೆ, ಗುತ್ತಿಗೆದಾರನಿಗೆ ಕರೆ ಹೋಗುತ್ತದೆ. ಒಂದು ಮುಂಜಾನೆ ಟೆಂಪೊವೊಂದು ಬಂದು ನಿಲ್ಲುತ್ತದೆ. ಅದರಿಂದ ನಾಲ್ವರು ಇಳಿಯುತ್ತಾರೆ. ಅವರ ಆಸ್ತಿಯೆಂದರೆ ಎರಡು ಮಚ್ಚು, ಒಂದು ಕೊಡಲಿ, ಬಿದಿರಿನ ಏಣಿ, ಪೆಟ್ರೋಲ್ ಗರಗಸ, ಒಂದು ಸುರುಳಿ ನೈಲಾನ್ ಹಗ್ಗ.

‘ಟೆಂಪೊ’ ಎಂಬ ಮಾತು ಮೂಲತಃ ಜರ್ಮನಿಯ ವಾಹನವೊಂದರ ಹೆಸರು. ಇದೇ ಊರಿನ ಆಕುರ್ಡಿಯ ಬಜಾಜ್ ಟೆಂಪೊ ಕಾರ್ಖಾನೆಯ ಮೂಲಕ ಅದು ನಮ್ಮ ನುಡಿಗಳಲ್ಲಿ ಸೇರಿಹೋಯಿತು. 2005ರಲ್ಲಿ ಕಾರ್ಖಾನೆಯೇ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡರೂ ಮಾತು ಉಳಿಯಿತು. ಈಗ ಕೊಂಬೆ ಹೇರಲು ಬರುವುದು ಬಹುಮಟ್ಟಿಗೆ ಟಾಟಾ ಏಸ್, ಜನರ ಬಾಯಲ್ಲಿ ‘ಛೋಟಾ ಹಾಥಿ’. ಅದನ್ನೂ ನಾವು ಟೆಂಪೊ ಎಂದೇ ಕರೆಯುತ್ತೇವೆ. ವಾಹನದ ಚರಿತ್ರೆ ನಮಗೆ ಇಷ್ಟು ಚೆನ್ನಾಗಿ ಗೊತ್ತು. ಅದರಿಂದ ಇಳಿದವರದು?

ಆರೇಳು ವರ್ಷಗಳ ಹಿಂದೆ ಕೊಥ್ರೂಡ್‌ನ ನಮ್ಮ ಸಂಕುಲಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ. ವಾಹನ ನಿಲ್ಲಿಸುವ ಜಾಗದ ಮೇಲೆ ಮಳೆಮರವೊಂದು ಹರಡಿಕೊಂಡಿದೆ. ಅದರ ದೊಡ್ಡ ಕೊಂಬೆಯೊಂದು ಎಲ್ಲರಿಗೂ ಭಯ ಹುಟ್ಟಿಸಿತ್ತು. ಮೂರು ದರಪಟ್ಟಿ ತರಿಸಿ ಅತಿ ಕಡಿಮೆಯದನ್ನು ಒಪ್ಪಿದವನು ನಾನೇ. ಕೆಲಸದ ದಿನ ಕೆಳಗೆ ನಿಂತು ನೋಡುತ್ತಿದ್ದಾಗ ಎಲೆಗಳ ನಡುವಿನಿಂದ ಕನ್ನಡ ಕೇಳಿಸಿತು: “ಹಗ್ಗ ಜಗ್ಗಬ್ಯಾಡೋ, ಸಡ್ಲ ಬಿಡು!” ಹೊರನಾಡಿನಲ್ಲಿ ಅನಿರೀಕ್ಷಿತವಾಗಿ ಕಿವಿಗೆ ಬಿದ್ದ ಕನ್ನಡ ಎಂಥ ಸಂತೋಷವನ್ನು ಕೊಡುತ್ತದೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಚಹದ ಹೊತ್ತಿಗೆ ಅವನು ಇಳಿದು ಬಂದಾಗ ಯಾವೂರೆಂದು ಕೇಳಿದೆ.

“ಇಂಡಿ ತಾಲ್ಲೂಕ್ರಿ ಸಾಹೇಬ್ರ. ಮಳಿ ಇಲ್ಲ, ಬೆಳಿ ಇಲ್ಲ, ಇಲ್ಲಿಗಿ ಬಂದೀವಿ.”

ಸೊಂಟಕ್ಕೆ ಪಟ್ಟಿ ಇಲ್ಲವೇ, ತಲೆಗೆ ಶಿರಸ್ತ್ರಾಣ ಬೇಡವೇ ಎಂದೆ. “ಅವೆಲ್ಲ ಯಾರ ಕೊಡ್ತಾರ್ರಿ? ಹಗ್ಗ ಅದ ಅಲ್ರಿ” ಎಂದು ನಕ್ಕ.

ಚಹ ಕುಡಿದು ಮತ್ತೆ ಹತ್ತಿದ. ಕೊಂಬೆಯನ್ನು ಮೇಲಿನಿಂದ ಕೊಯ್ಯತೊಡಗಿದ. ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ತಾನೇ ಮುರಿಯಿತು. ಕೆಳಭಾಗದ ತೊಗಟೆ ಕಾಂಡದವರೆಗೂ ಮಾರುದ್ದ ಸುಲಿದುಕೊಂಡು ಬಂದಿತು. ಹಗ್ಗದಲ್ಲಿ ತೂಗಾಡಿದ ಕೊಂಬೆ ಅವನ ಹೆಗಲಿಗೆ ಬಡಿಯಿತು. ಸೊಂಟದ ಹಗ್ಗ ಹಿಡಿದುಕೊಂಡದ್ದರಿಂದ ಕೆಳಗೆ ಬೀಳಲಿಲ್ಲ. ಹೆಗಲಿನ ಮೂಳೆ ಮುರಿದಿತ್ತು. ಅರ್ಧ ಹೇರಿದ್ದ ಸೊಪ್ಪುಸದೆಯನ್ನು ರಸ್ತೆಗೆ ಸುರಿದು ಅದೇ ಟೆಂಪೊದಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದರು. ಸಮಿತಿಯು ‘ಮಾನವೀಯ ದೃಷ್ಟಿಯಿಂದ’ ಐದು ಸಾವಿರ ರೂಪಾಯಿ ಮಂಜೂರು ಮಾಡಿತು. ಗುತ್ತಿಗೆದಾರ ಅವನನ್ನು ಊರಿಗೆ ಕಳುಹಿಸಿದ. ನಡಾವಳಿ ಪುಸ್ತಕದಲ್ಲಿ ‘ಮರ ಸವರಿಕೆ ಪೂರ್ಣಗೊಂಡಿತು’ ಎಂದು ಬರೆದವನೂ ನಾನೇ.

ಆ ಕೊಂಬೆಯನ್ನು ಕೊಯ್ಯಬೇಕಾಗಿದ್ದ ಕ್ರಮವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅದು ಗಹನವಾದ ವಿದ್ಯೆಯೇನೂ ಅಲ್ಲ. ಕಾಂಡದಿಂದ ಒಂದು ಅಡಿಯಷ್ಟು ಆಚೆ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ಯಬೇಕು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಎರಡನೆಯ ಕೊಯ್ತ. ಆಗ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು; ಆದರೆ ಕಾಂಡಕ್ಕೆ ಸಮವಾಗಿ ಅಲ್ಲ, ಕೊಂಬೆಯ ಬುಡದಲ್ಲಿರುವ ಉಬ್ಬಿನ ಹೊರಗೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಮರಕ್ಕೆ ನಮ್ಮ ಚರ್ಮದಂತೆ ಗಾಯ ಮಾಯುವುದಿಲ್ಲ. ಅದು ಗಾಯದ ಸುತ್ತ ಗೋಡೆಗಳನ್ನು ಕಟ್ಟಿ, ಕೊಳೆಯನ್ನು ಒಳಗೇ ಬಂಧಿಸಿ, ಹೊರಗಿನಿಂದ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಆ ಉಬ್ಬು ಈ ರಕ್ಷಣೆಯ ಮುಖ್ಯ ನೆಲೆ. ಅದನ್ನು ಕತ್ತರಿಸಿದರೆ ಗೋಡೆ ಏಳುವುದು ಕಷ್ಟ. ಪೊಟರೆಗೆ ಸಿಮೆಂಟು ತುಂಬುವುದು, ಗಾಯಕ್ಕೆ ಡಾಂಬರು ಬಳಿಯುವುದು ಮುಂತಾದ ಹಳೆಯ ಉಪಚಾರಗಳನ್ನು ಬಲ್ಲವರು ಈಗ ಕೈಬಿಟ್ಟಿದ್ದಾರೆ. ನಮ್ಮ ಸಮಿತಿಗಳು ಬಿಟ್ಟಿಲ್ಲ.

ಅಂದರೆ ಅಂದು ಮರಕ್ಕೂ ಮನುಷ್ಯನಿಗೂ ಗಾಯ ಮಾಡಿದ್ದು ಒಂದೇ ತಪ್ಪು ಕೊಯ್ತ. ಕೆಳಗಿನ ಆ ಕಾಲುಭಾಗದ ಕೊಯ್ತವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅದಕ್ಕೆ ಹತ್ತು ನಿಮಿಷ ಹೆಚ್ಚು ಬೇಕು, ಹತ್ತು ನಿಮಿಷಕ್ಕೆ ಹೆಚ್ಚು ದರ ಬೇಕು. ಕಡಿಮೆ ದರವನ್ನು ಆರಿಸಿದವನು ಕೆಳಗೆ ಚಹದ ಲೋಟ ಹಿಡಿದು ನಿಂತಿದ್ದ.

ಪಶ್ಚಿಮದಲ್ಲಿ ಈ ಕಸುಬಿಗೆ ಮಾನ ತಂದವರಲ್ಲಿ ಜಾನ್ ಡೇವಿ ಎಂಬವರ ಹೆಸರು ಬರುತ್ತದೆ. ಓಹಾಯೊದಿಂದ 1901ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರೇ ‘ಮರದ ವೈದ್ಯ’ ಎಂಬರ್ಥದ್ದು. ನಾವು ಇದನ್ನು ಓದಿ ಬೆರಗಾಗಬೇಕಾದ ಕಾರಣವಿಲ್ಲ. ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಗ್ರಂಥವನ್ನು ಹೆಸರಿಸುವುದು ಸುಲಭ. ಅದೇ ಚಾಲುಕ್ಯರ ನೆಲದಿಂದ ಬಂದವನೊಬ್ಬ ಇಲ್ಲಿ ಮರದ ಮೇಲಿದ್ದಾನೆ, ಅವನಿಗೆ ಆ ವಿದ್ಯೆಯ ಒಂದಕ್ಷರವೂ ತಲುಪಿಲ್ಲ ಎನ್ನುವುದನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಮರ ಹತ್ತುವ ಕೈಚಳಕಕ್ಕೆ ನಮ್ಮಲ್ಲಿ ಗೌರವವೇ ಇಲ್ಲವೆಂದಲ್ಲ. ಶಿರಸಿ-ಸಿದ್ಧಾಪುರದ ಕಡೆ ಅಡಿಕೆ ಕೊನೆ ಇಳಿಸುವವನಿಗೆ ‘ಕೊನೆಗೌಡ’ ಎಂಬ ಹೆಸರಿದೆ. ಒಂದು ಮರವನ್ನು ಬಾಗಿಸಿ ಇನ್ನೊಂದಕ್ಕೆ ದಾಟಿಕೊಳ್ಳುವ ಅವನ ಗತ್ತನ್ನು ಕಂಡವರು ಮರೆಯಲಾರರು. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣ ಸಿಂಪಡಿಸಲು ಅಂಥವನು ಸಿಗದಿದ್ದರೆ ಮಳೆಗಾಲದಲ್ಲಿ ತೋಟದ ಯಜಮಾನನಿಗೆ ನಿದ್ದೆಯಿಲ್ಲ. ಹತ್ತುವವರು ವಿರಳವಾದಾಗ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರವನ್ನೇರುವ ಮೋಟಾರು ವಾಹನವನ್ನೇ ರಚಿಸಿದರು. 2019ರಲ್ಲಿ ದೇಶವೆಲ್ಲ ಅದನ್ನು ಕಂಡು ಬೆರಗಾಯಿತು. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ತೆಂಗಿನ ಮರ ಹತ್ತುವವರಿಗೆ ಯಂತ್ರದೊಡನೆ ತರಬೇತಿ ಕೊಡುತ್ತ ಬಂದಿದೆ. ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯೂ ಅವರಿಗುಂಟು. ಫಲ ಕೊಡುವ ಮರವನ್ನು ಹತ್ತುವವನಿಗೆ ಇಷ್ಟಾದರೂ ಇದೆ. ನೆರಳು ಕೊಡುವ ಮರವನ್ನು ಹತ್ತುವವನಿಗೆ? ಅವನ ಕೈಯಲ್ಲಿರುವ ಪೆಟ್ರೋಲ್ ಗರಗಸವಂತೂ ಕೊಡಲಿಗಿಂತ ಕ್ರೂರವಾದದ್ದು. ಅದರ ಮೂತಿಯ ಮೇಲ್ತುದಿ ಗಟ್ಟಿ ಮರಕ್ಕೆ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತಲೇ ಚಿಮ್ಮುತ್ತದೆ. ಬುಟ್ಟಿಯನ್ನು ಮೇಲಕ್ಕೆತ್ತುವ ವಾಹನಗಳು ಪಟ್ಟಣದಲ್ಲಿ ಇವೆ ನಿಜ. ಕಾರುಗಳು ಕಿಕ್ಕಿರಿದ ನಮ್ಮ ಅಂಗಳಗಳಿಗೆ ಅವು ನುಗ್ಗಲಾರವು.

ಕಾನೂನು ಮರದ ಪಕ್ಷದಲ್ಲಿದೆ. ಮಹಾರಾಷ್ಟ್ರದ ನಗರ ಪ್ರದೇಶಗಳ ವೃಕ್ಷ ಸಂರಕ್ಷಣಾ ಕಾಯಿದೆ 1975ರದು. ಅದರ ಪ್ರಕಾರ ಮರವನ್ನು ಸುಡುವುದೂ, ಯಾವುದೇ ಬಗೆಯಲ್ಲಿ ಘಾಸಿಗೊಳಿಸುವುದೂ ಕಡಿದಂತೆಯೇ. 2021ರ ತಿದ್ದುಪಡಿಯು ಐವತ್ತು ವರ್ಷ ದಾಟಿದ ಮರವನ್ನು ಪಾರಂಪರಿಕ ವೃಕ್ಷವೆಂದು ಕರೆಯಿತು. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿಗಳನ್ನು ನೆಡಬೇಕೆಂದಿತು. ಒಳ್ಳೆಯದೇ. ಆದರೆ ಸವರಲು ಅನುಮತಿ ಕೇಳುವ ನಾವು, ಸವರುವವನು ಕಲಿತವನೇ, ಅವನಿಗೆ ವಿಮೆಯಿದೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ. ನದೀತೀರ ಯೋಜನೆಗಾಗಿ ಮರ ಕಡಿಯಬಾರದೆಂದು 2023ರ ಏಪ್ರಿಲ್‌ನಲ್ಲಿ ಪುಣೆಯ ಜನ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿಯನ್ನು ನೆನೆದು ನಮ್ಮವರೂ ಹೆಮ್ಮೆಪಟ್ಟರು, ನಾನೂ ಹೋಗಿದ್ದೆ. ಅದೇ ಮೇ ತಿಂಗಳಲ್ಲಿ ನಮ್ಮ ಓಣಿಯ ಗುಲ್‌ಮೊಹರುಗಳ ತಲೆಗಳನ್ನು ಕಂಬಗಳಂತೆ ಬೋಳಿಸಿದಾಗ ಯಾರೂ ಬರಲಿಲ್ಲ. ಹಾಗೆ ಬೋಳಿಸಿದ ಮರದ ಚಿಗುರುಗಳು ಸಡಿಲವಾಗಿ ಅಂಟಿಕೊಂಡು ಬೆಳೆದು, ಕೆಲವೇ ವರ್ಷಗಳಲ್ಲಿ ಗಾಳಿಗೆ ಕಳಚುತ್ತವೆ. ಆಗ ಮರವೇ ಅಪಾಯಕಾರಿಯೆಂದು ಇನ್ನೊಂದು ಅರ್ಜಿ ಸಿದ್ಧವಾಗುತ್ತದೆ.

ಹೊರನಾಡ ಸಂಘಗಳಿಂದ ಇದೆಲ್ಲ ಆಗುವ ಕೆಲಸವೇ ಎಂದು ಕೆಲವರು ಕೇಳಬಹುದು. ವಿಜಯಪುರ, ಕಲಬುರಗಿ ಕಡೆಗಳಿಂದ ದುಡಿಯಲು ಬಂದ ಕನ್ನಡಿಗರು ಈ ಊರಿನಲ್ಲಿ ತುಂಬಿದ್ದಾರೆ. ನಮ್ಮ ಸಂಗೀತ ಕಛೇರಿಗಳಿಗೆ ಅವರು ಬರುವುದಿಲ್ಲ, ನಾವು ಕರೆದೂ ಇಲ್ಲ. ಒಂದು ಭಾನುವಾರ ಮೂರು ಕೊಯ್ತದ ಕ್ರಮವನ್ನು ಅವರ ಕನ್ನಡದಲ್ಲೇ ಹೇಳಿಕೊಡಲು ಬಲ್ಲವರೊಬ್ಬರನ್ನು ಕರೆಸುವುದಕ್ಕೆ, ಎರಡು ಸೊಂಟಪಟ್ಟಿ ಕೊಳ್ಳುವುದಕ್ಕೆ ನಮ್ಮ ಒಂದು ಹಾಸ್ಯಸಂಜೆಯ ಖರ್ಚೂ ಬೇಡ. ಸಂಕುಲಗಳ ಸಮಿತಿಗಳಲ್ಲಿ ನಮ್ಮವರು ಎಷ್ಟೋ ಜನ ಇದ್ದಾರೆ. ದರಪಟ್ಟಿ ಕೇಳುವಾಗ ವಿಮೆಯ ಕಾಗದವನ್ನೂ ಕೇಳಬಹುದು.

ನಮ್ಮ ಮಳೆಮರದ ಸುಲಿದ ಜಾಗದಲ್ಲಿ ಹೋದ ಮಳೆಗಾಲ ಅಂಗೈಯಗಲದ ಅಣಬೆಗಳು ಎದ್ದವು. ಈ ಮೇ ತಿಂಗಳಿಗೆ ಮತ್ತೆ ಅರ್ಜಿ ಹಾಕಬೇಕಾಗಿದೆ. ಮೊನ್ನೆ ಆ ಗುತ್ತಿಗೆದಾರನಿಗೆ ಕರೆ ಮಾಡಿ, ಇಂಡಿ ಕಡೆಯ ಆ ಮನುಷ್ಯ ಈಗ ಎಲ್ಲಿದ್ದಾನೆ, ಹೆಗಲು ಕೂಡಿತೇ ಎಂದು ವಿಚಾರಿಸಿದೆ.

“ಇಂಡಿಯವರು ನನ್ನ ಹತ್ತಿರ ಆರು ಜನ ಇದ್ದರು ಸಾಹೇಬರೇ. ಹೆಸರು ಹೇಳಿ” ಎಂದ.

ನಾನು ಕೇಳಿದ್ದು ಊರನ್ನು ಮಾತ್ರ.